ಸೋಮವಾರದ ಕೊಬ್ಬರಿ ಎಣ್ಣೆ

ಕೊಬ್ಬರಿ ಎಣ್ಣೆ ಕೊಳ್ಳುವವರಿಗೆ ನಾನು ಒಂದು ಮಾತು ಹೇಳುತ್ತಿರುತ್ತೇನೆ. ಚಳಿಗಾಲದಲ್ಲಿ ಕೊಳ್ಳಿ, ಅದೂ ಬೆಳಗಿನ ಹೊತ್ತು ಕೊಳ್ಳಿ. ಬಿಸಿಲೇರಿದ ಮೇಲೆ ಎಲ್ಲ ಎಣ್ಣೆಯೂ ಒಂದೇ ಥರ ಓಡುತ್ತದೆ. ಚಳಿಯಲ್ಲಿ ಮಾತ್ರ ಒಂದೊಂದರ ಗುಣ ಬೇರೆಬೇರೆಯಾಗಿ ಹೊರಬೀಳುತ್ತದೆ. ಕಡಲೆಕಾಯಿ ಎಣ್ಣೆ ಮೈಸೂರಿನ ಚಳಿಗೆ ಜಗ್ಗುವುದಿಲ್ಲ. ಹುಚ್ಚೆಳ್ಳೆಣ್ಣೆಯೂ ಅಷ್ಟೇ. ಹರಳೆಣ್ಣೆ ಇನ್ನಷ್ಟು ಮಂದವಾಗಿ, ಸೋಮಾರಿಯ ಹಾಗೆ ನಿಧಾನಕ್ಕೆ ಇಳಿಯುತ್ತದೆ, ಆದರೆ ಗಡ್ಡೆ ಕಟ್ಟುವುದಿಲ್ಲ. ಹೊಂಗೆ ಎಣ್ಣೆ ಕದಡಿಕೊಂಡು ತಳದಲ್ಲಿ ಗಷ್ಟು ಬಿಡುತ್ತದೆ. ಸೀಮೆಎಣ್ಣೆಗೆ ನಮ್ಮೂರಿನ ಚಳಿಯೂ ಒಂದೇ, ಬೇಸಿಗೆಯೂ ಒಂದೇ. ಊಟಿಗೆ ಬಸ್ಸು ಹೊಡೆಯುತ್ತಿದ್ದ ಒಬ್ಬ ಡ್ರೈವರು ಹೇಳುತ್ತಿದ್ದ, ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ದಿನಗಳಲ್ಲಿ ಎಂಜಿನ್ನಿನ ಎಣ್ಣೆ ಬೆಲ್ಲದ ಪಾಕವಾಗಿಬಿಡುತ್ತದಂತೆ. ತಳಕ್ಕೆ ಬಾಣಲೆಯಲ್ಲಿ ಕೆಂಡ ಇಟ್ಟು ಕಾಯಿಸದಿದ್ದರೆ ಹ್ಯಾಂಡಲು ತಿರುಗುವುದಿಲ್ಲವಂತೆ. ನಮ್ಮಲ್ಲಿ ಅಷ್ಟು ಚಳಿ ಎಲ್ಲಿ ಬರಬೇಕು. ಆದರೂ ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಕೊಬ್ಬರಿ ಎಣ್ಣೆಯೊಂದು ಮಾತ್ರ, ಬೆಳಗಾಗುವುದರೊಳಗೆ ಬೆಳ್ಳಗೆ, ಬೆಣ್ಣೆಗಿಂತ ಗಟ್ಟಿಯಾಗಿ ಕೂತುಬಿಡುತ್ತದೆ.

ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ. ಡಬ್ಬವನ್ನು ಬೋರಲು ಮಾಡಿ ನೋಡುವ ಮೊದಲು ಅದರ ತಳ ಮುಟ್ಟಿ ನೋಡಿ. ಈ ಎರಡನೆಯ ಮಾತು ನನಗೆ ಹೇಗೆ ತಿಳಿಯಿತು ಎಂದು ಇಷ್ಟು ವರ್ಷದಲ್ಲಿ ಕೊಳ್ಳುವವರು ಯಾರೂ ಕೇಳಿಲ್ಲ. ನಾನಾಗಿ ಹೇಳಿಯೂ ಇಲ್ಲ.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಊರಲ್ಲಿ ನಮ್ಮಪ್ಪನ ಹೊಲ ಅಣ್ಣತಮ್ಮಂದಿರಿಗೇ ಸಾಲದು ಅಂತ ನಾನು ಮೈಸೂರಿಗೆ ಬಂದು, ಹಳೆಯ ಸೈಕಲ್ಲೊಂದಕ್ಕೆ ಎರಡು ಡಬ್ಬ ಕಟ್ಟಿಕೊಂಡು ಮನೆಮನೆಗೆ ಎಣ್ಣೆ ಮಾರುತ್ತಿದ್ದೆ. ಎಣ್ಣೆ ತರುತ್ತಿದ್ದದ್ದು ಒಬ್ಬ ಹೆಂಗಸಿನ ಗಾಣದಿಂದ. ಗಂಡ ತೀರಿಕೊಂಡ ಮೇಲೆ ಆಕೆಯೇ ಗಾಣ ನಡೆಸುತ್ತಿದ್ದಳು. ಒಬ್ಬಳೇ ಮಗಳು, ಒಂದೇ ಎತ್ತು. ಹಣೆಯ ತುಂಬ ವಿಭೂತಿ, ಮೊಣಕೈವರೆಗೆ ಎಣ್ಣೆಯ ಮಿನುಗು. ಎಲ್ಲರೂ ಗಾಣದವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಚೌಕಾಸಿ ನನಗೆ ಹುಟ್ಟಿನಿಂದ ಬಂದದ್ದು. ಗಾಣದವ್ವನ ಹತ್ತಿರ ಮಾತ್ರ ಅದು ನಡೆಯುತ್ತಿರಲಿಲ್ಲ.

“ಎಂಗವ್ವ, ಈ ಸಲ ಒಂಚೂರು ಇಳಿಸ್ಕೊಡು” ಎಂದರೆ, ಎತ್ತಿನ ಹಿಂದೆ ಸುತ್ತು ಬರುತ್ತಲೇ ಹೇಳುವಳು: “ನಂಗೇನು ಹೇಳ್ತೀಯ, ಈ ಬಸವಣ್ಣನ್ನ ಕೇಳ್ನೋಡು. ಅವನು ಒಂದು ಸುತ್ತು ಕಮ್ಮಿ ಸುತ್ತೀನಿ ಅಂದ್ರೆ ನಾನೂ ಕಮ್ಮಿ ತಕತೀನಿ.”

ಎಣ್ಣೆಯ ಗುಣ ಕಲಿಸಿದವಳೂ ಅವಳೇ. ಹಿಂಡಿದ ಎಣ್ಣೆಯನ್ನು ಹಾಗೇ ಕೊಡಬಾರದು, ಕಾಯಿಸಿ ನೀರಿನ ಪಸೆ ತೆಗೆಯಬೇಕು, ಇಲ್ಲದಿದ್ದರೆ ಮುಗ್ಗುತ್ತದೆ. ಹದವಾಗಿ ಕಾಯಿಸಿ ಸೋಸಿದ ಎಣ್ಣೆ, ಅಲುಗಾಡಿಸದೆ ಇಟ್ಟರೆ ಚಳಿಯಲ್ಲೂ ಬಹಳ ಹೊತ್ತು ತಿಳಿಯಾಗಿಯೇ ಇರುತ್ತದೆ. ಆಗ ಹಳೆಯ ಗಟ್ಟಿ ಎಣ್ಣೆಯ ಒಂದು ಚೂರು ಹಾಕಿದರೆ ಸಾಕು, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅದರ ಸುತ್ತ ಬೆಳ್ಳಗೆ ಹರಡಿಕೊಂಡು ಗಟ್ಟಿಯಾಗುತ್ತಾ ಹೋಗುತ್ತದೆ. “ಹೆಪ್ಪು ಹಾಲಿಗೊಂದೇ ಅಂದ್ಕಂಡಿದ್ದಾ?” ಎಂದು ನನ್ನ ಮುಖ ನೋಡಿ ನಗುತ್ತಿದ್ದಳು.

ಅವಳು ಕಲಿಸಿದ್ದನ್ನು ನಾನು ವ್ಯಾಪಾರಕ್ಕೆ ಹಚ್ಚಿದೆ. ಆಗೆಲ್ಲ ಕೊಬ್ಬರಿ ಎಣ್ಣೆಗೆ ಕಡಲೆಕಾಯಿ ಎಣ್ಣೆ ಬೆರೆಸುವುದು ಸಾಮಾನ್ಯವಾಗಿತ್ತು. ಲಕ್ಷ್ಮೀಪುರದ ಮನೆಗಳ ಮುಂದೆ, ಚಳಿಯ ಬೆಳಗಿನಲ್ಲಿ, ಅಡುಗೆಮನೆಯಿಂದ ಅಮ್ಮನವರು ಈಚೆ ಬರುವವರೆಗೆ ಕಾದು, ಸೈಕಲ್ಲಿನ ಡಬ್ಬ ಬಿಚ್ಚಿ ಅವರ ಕಣ್ಣೆದುರಿಗೆ ಬೋರಲು ಹಿಡಿಯುತ್ತಿದ್ದೆ. ಒಂದು ತೊಟ್ಟೂ ಬೀಳುತ್ತಿರಲಿಲ್ಲ.

“ನೋಡಿ ಅಮ್ಮಾವ್ರೆ. ಬೆರಕೆ ಇದ್ರೆ ನಿಮ್ಮ ಅಂಗಳ ಎಲ್ಲ ಎಣ್ಣೆ ಆಗ್ಬೇಕಿತ್ತು.”

ಒಬ್ಬ ಹಿರಿಯ ಅಮ್ಮನವರು ಮೊದಲ ಸಲ ಕಂಡಾಗ ಎರಡು ಹೆಜ್ಜೆ ಹಿಂದೆ ಸರಿದು, “ಸದ್ಯ, ನನ್ನ ರಂಗೋಲಿ ಉಳೀತು ಕಣಯ್ಯ” ಎಂದಿದ್ದರು. ಎರಡು ಚಳಿಗಾಲದೊಳಗೆ ಆ ಬೀದಿಗಳ ಹೆಂಗಸರೆಲ್ಲ ಯಾರು ಎಣ್ಣೆ ತಂದರೂ “ಬೋರಲು ಹಾಕಿ ತೋರ್ಸಪ್ಪ” ಎನ್ನುವುದನ್ನು ಕಲಿತರು. ನನ್ನ ಹೆಸರು ಎಣ್ಣೆ ಮಾರುವವನು ಅನ್ನುವುದಕ್ಕಿಂತ ಎಣ್ಣೆ ಪರೀಕ್ಷೆ ಮಾಡುವವನು ಎಂದೇ ಬೆಳೆಯಿತು. ವ್ಯಾಪಾರಕ್ಕೆ ಇಳಿಯುವವರಿಗೆ ಹೇಳುತ್ತೇನೆ, ಸರಕಿಗಿಂತ ಮುಂಚೆ ಮಾತು ಮಾರಾಟವಾಗಬೇಕು. ನನ್ನ ಮಾತು ಮಾರಾಟವಾಗಿತ್ತು. ಅದರ ಹಿಂದಿದ್ದದ್ದು ಗಾಣದವ್ವನ ಎಣ್ಣೆ.

ಆ ಹೊತ್ತಿಗೆ ಹುಡುಗರ ಹಾಸ್ಟೆಲ್ ಒಂದರ ವಿಷಯ ಬಂತು. ಒಂದು ಟ್ರಸ್ಟಿನವರು ನಡೆಸುತ್ತಿದ್ದದ್ದು. ನೂರಕ್ಕೂ ಮಿಕ್ಕಿದ ತಲೆಗಳು, ಶನಿವಾರ ಶನಿವಾರ ಎಣ್ಣೆಸ್ನಾನ, ದೇವರ ದೀಪ ಬೇರೆ. ಇಡೀ ವರ್ಷದ ಕೊಬ್ಬರಿ ಎಣ್ಣೆಯನ್ನು ಒಬ್ಬರಿಂದಲೇ ತೆಗೆದುಕೊಳ್ಳುತ್ತೇವೆ, ಮಾದರಿ ತಂದು ತೋರಿಸಿ ಎಂದು ಅಲ್ಲಿಯ ಮ್ಯಾನೇಜರು ಹೇಳಿಕಳಿಸಿದ್ದರು. ಗಾಣದವ್ವನಿಗೆ ಅದು ಬೇಕಾಗಿತ್ತು. ಊರಿನಲ್ಲಿ ಎಣ್ಣೆ ಗಿರಣಿಗಳು ಹೆಚ್ಚುತ್ತಿದ್ದವು, ಬೀದಿಯ ಒಂದೊಂದೇ ಗಾಣ ನಿಲ್ಲುತ್ತಿತ್ತು. “ಇದೊಂದು ಸಿಕ್ಬುಟ್ರೆ ನನ್ ಗಾಣ ನಾನಿರೋಗಂಟ ತಿರುಗ್ತದೆ ಕಣಪ್ಪ” ಎಂದಳು. ಆಮೇಲೆ, ನನಗೆ ಬೇಜಾರಾಗಬಾರದೆಂದು ಮೆತ್ತಗೆ ಹೇಳಿದಳು: “ನಿಂಗೆ ಕೊಡಾಕೆ ಆವಾಗ ಅಷ್ಟು ಎಣ್ಣೆ ಉಳಿಯಾಕಿಲ್ಲ. ಎತ್ತು ಒಂದೇ ಅಲ್ವಾ.”

ಅವಳು ಹೇಳಿದ್ದು ನ್ಯಾಯ. ಆದರೆ ನನ್ನ ತಲೆ ಅಲ್ಲಿಂದಲೇ ಲೆಕ್ಕ ಹಾಕತೊಡಗಿತು. ಹಾಸ್ಟೆಲ್ಲಿಗೆ ಎಣ್ಣೆ ಅವಳ ಗಾಣದ್ದೇ ಹೋಗಲಿ, ಆದರೆ ನನ್ನ ಕೈಯಿಂದ ಹೋಗಲಿ. ಅವಳು ನೇರವಾಗಿ ಹೋಗಿ ಒಂದು ಸಲ ಬರಿಗೈಲಿ ವಾಪಸು ಬಂದರೆ, ಆಮೇಲೆ ತಾನಾಗಿಯೇ ನನ್ನ ಹತ್ತಿರ ಬರುತ್ತಾಳೆ. ಇಷ್ಟೇ ನನ್ನ ಎಣಿಕೆ. ಅವಳ ಗಾಣ ನಿಲ್ಲಲಿ ಎಂದು ನಾನು ಬಯಸಿರಲಿಲ್ಲ. ಇದನ್ನು ಬರೆಯುತ್ತಿರುವಾಗ ಇದು ಎಷ್ಟು ಪೊಳ್ಳಾಗಿ ಕೇಳಿಸುತ್ತದೆ ಎನ್ನುವುದೂ ನನಗೆ ಗೊತ್ತು.

ಮಾದರಿ ತರಬೇಕಾದ ದಿನ ಸೋಮವಾರ. ಸೋಮವಾರ ಅವರ ಪೈಕಿಯವರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಹಾಗಾಗಿ ಅವಳು ಭಾನುವಾರ ಗಾಣ ಆಡಿಸಿ, ಸಂಜೆ ಎಣ್ಣೆ ಕಾಯಿಸಿ, ಸೋಸಿ, ಹೊಸ ಡಬ್ಬಕ್ಕೆ ಹುಯ್ದು, ಬೆಳಗಿನವರೆಗೆ ಒಲೆಯ ಪಕ್ಕದಲ್ಲೇ ಇಟ್ಟಿದ್ದಳು. ಗಟ್ಟಿಯಾದರೆ ಸೇರಿನಲ್ಲಿ ಅಳೆದು ತೋರಿಸಲಾಗುವುದಿಲ್ಲ ಎಂಬುದು ಅವಳ ಯೋಚನೆ. ಬೆಳಗ್ಗೆ ಡಬ್ಬದ ಸುತ್ತ ಹುಲ್ಲು ಇಟ್ಟು, ಮೇಲೆ ಗೋಣಿತಾಟು ಸುತ್ತಿ, ತಲೆಯ ಮೇಲೆ ಹೊತ್ತು ತಂದಳು. ನಾನು ಆಗಲೇ ಅಲ್ಲಿದ್ದೆ. ಎಣ್ಣೆ ಪರೀಕ್ಷೆ ಮಾಡಲು ಮ್ಯಾನೇಜರು ನನಗೇ ಹೇಳಿಕಳಿಸಿದ್ದರು.

ಮೈಸೂರು ಆ ಬೆಳಗ್ಗೆ ಮಂಜಿನಲ್ಲಿ ಮುಳುಗಿತ್ತು. ಜಗುಲಿಯಲ್ಲಿ ಮ್ಯಾನೇಜರು ಶಾಲು ಹೊದ್ದು ನಿಂತಿದ್ದರು. ಸೋಮವಾರ ಒಪ್ಪೊತ್ತು ಇರುತ್ತಿದ್ದವರು, ಅವತ್ತು ಎಣ್ಣೆ ಮುಟ್ಟುತ್ತಿರಲಿಲ್ಲ. ಅವರ ಹಿಂದೆ ಹಾಸ್ಟೆಲ್ಲಿನ ಅಡುಗೆಯವನು.

“ಎಲ್ಲಿ, ನಿಮ್ಮ ಪರೀಕ್ಷೆ ಆಗ್ಲಿ” ಎಂದು ಅವರು ನನ್ನ ಕಡೆ ನೋಡಿದರು.

ಗೋಣಿತಾಟು ಬಿಚ್ಚಿ, ಎಡಗೈಯನ್ನು ಡಬ್ಬದ ತಳಕ್ಕೆ ಕೊಟ್ಟು, ಬಲಗೈಯಲ್ಲಿ ಬಾಯಿ ಹಿಡಿದು ಎತ್ತಿದೆ. ಎತ್ತಿದ ಕೂಡಲೇ ಗೊತ್ತಾಯಿತು. ಅಡುಗೆಯವನು ಕೆಳಗೆ ತಪ್ಪಲೆ ಇಟ್ಟ. ನಾನು ಬಗ್ಗಿಸಿದೆ. ಎಣ್ಣೆ ತಿಳಿಯಾಗಿ, ನೂಲಿನ ಹಾಗೆ ಸುರಿಯಿತು.

“ಇದೇನಮ್ಮ, ಈ ಚಳೀಲಿ ನೀರಿನ ಹಾಗೆ ಓಡ್ತಾ ಇದೆ” ಎಂದರು ಮ್ಯಾನೇಜರು.

“ನೆನ್ನೆ ಸಂಜೆ ಕಾಯ್ಸಿದ್ದು ಬುದ್ದಿ. ಒಲೆ ಪಕ್ಕ ಇತ್ತು. ಇನ್ನೂ ಬೆಚ್ಗದೆ, ಮುಟ್ನೋಡಿ.”

ಅವರು ಮುಟ್ಟುವಂತಿರಲಿಲ್ಲ. “ಏನ್ರೀ, ಬೆಚ್ಚಗಿದೆಯಾ?” ಎಂದು ನನ್ನನ್ನು ಕೇಳಿದರು.

ನನ್ನ ಅಂಗೈ ಇನ್ನೂ ಡಬ್ಬದ ತಳದಲ್ಲಿಯೇ ಇತ್ತು.

“ಅಂಥಾದ್ದೇನಿಲ್ಲ ಸ್ವಾಮಿ” ಎಂದೆ.

ಗಾಣದವ್ವ ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು. ಆಮೇಲೆ ಮ್ಯಾನೇಜರ ಕಡೆ ತಿರುಗಿ, “ನಾಳೆ ಬೆಳಿಗ್ಗೆಗಂಟ ಇಲ್ಲೇ ಬುಟ್ಟೋಗ್ತೀನಿ ಬುದ್ದಿ. ಗಟ್ಟಿಯಾಗ್ನಿಲ್ಲ ಅಂದ್ರೆ ಚರಂಡಿಗೆ ಸುರೀರಿ” ಎಂದಳು.

“ಮಧ್ಯಾಹ್ನಕ್ಕೆ ಟ್ರಸ್ಟಿನವರಿಗೆ ಬರೆದು ಕಳಿಸ್ಬೇಕಮ್ಮ, ನಾಳೆವರೆಗೆ ಎಲ್ಲಿ ಕಾಯೋದು. ಇವರೇ ನೋಡಿ ಹೇಳಿದ ಮೇಲೆ ಇನ್ನೇನಿದೆ?”

ತಪ್ಪಲೆಗೆ ಬಿದ್ದ ಎಣ್ಣೆಯನ್ನು ಅವಳು ಮತ್ತೆ ಡಬ್ಬಕ್ಕೆ ಹುಯ್ದುಕೊಂಡಳು. ಅಡುಗೆಯವನು, “ಏನವ್ವ, ವಿಭೂತಿ ನೋಡಿದ್ರೆ ಇಷ್ಟುದ್ದ, ಎಣ್ಣೇಲಿ ಕಡ್ಲೆಕಾಯಿ” ಎಂದು ನಕ್ಕ. ನಾನೂ ತುಟಿಯಂಚಿನಲ್ಲಿ ನಕ್ಕಿರಬೇಕು. ಆಗ ಎಲ್ಲಿ ನೋಡುತ್ತಿದ್ದೆ ಎಂಬುದು ಮರೆತಿದೆ, ನಕ್ಕದ್ದು ಮರೆತಿಲ್ಲ.

ಮಂಗಳವಾರ ಬೆಳಗ್ಗೆ ನನ್ನ ಮಾತನ್ನು ಸಿದ್ಧಮಾಡಿಕೊಂಡು ಗಾಣದ ಮನೆಗೆ ಹೋದೆ. “ಹೋಗ್ಲಿ ಬುಡವ್ವ, ನಾನು ಮ್ಯಾನೇಜರಿಗೆ ಹೇಳ್ತೀನಿ, ನನ್ ಕಡೆಯಿಂದ ಹಾಕುಸ್ತೀನಿ” ಎಂದು ಶುರುಮಾಡಬೇಕೆಂದಿದ್ದೆ. ಆ ಡಬ್ಬ ಅಂಗಳದಲ್ಲಿತ್ತು. ಅವಳು ಅದನ್ನು ಎತ್ತಿ, ನಾನು ಲಕ್ಷ್ಮೀಪುರದಲ್ಲಿ ಹಿಡಿಯುತ್ತಿದ್ದ ಹಾಗೆಯೇ, ನನ್ನ ಮುಂದೆ ಬೋರಲು ಹಿಡಿದಳು. ಒಂದು ತೊಟ್ಟೂ ಬೀಳಲಿಲ್ಲ. ಮಗಳು ಒಳಬಾಗಿಲಲ್ಲಿ ನಿಂತಿದ್ದಳು. ಮದುವೆಯ ವಯಸ್ಸಿನ ಹುಡುಗಿ.

“ನೋಡ್ಕೊ. ನೋಡ್ಕೊಂಡಾ? ಇನ್ಮೇಲೆ ನಿನ್ ಡಬ್ಬ ಇಲ್ಲಿಗೆ ತರ್ಬೇಡ.”

ಅಷ್ಟೇ. ಬೈದಿದ್ದರೆ ಅಲ್ಲೊಂದು ಚೌಕಾಸಿಗೆ ದಾರಿ ಇರುತ್ತಿತ್ತು. ಬೈಯುವವರ ಹತ್ತಿರ ಮಾತು ಮುಂದುವರಿಯುತ್ತದೆ, ಇದು ನನ್ನ ಅನುಭವ.

ಆ ವಾರವೇ ಮ್ಯಾನೇಜರ ಬಳಿಗೆ ಹೋಗಿ, “ಆ ಎಣ್ಣೆ ಚೆನ್ನಾಗೇ ಇತ್ತೇನೋ ಸ್ವಾಮಿ, ಇನ್ನೊಂದು ಸಲ ನೋಡಬಹುದಿತ್ತು” ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ನೀವು ಅಷ್ಟು ಖಡಾಖಂಡಿತ ಹೇಳಿದ ಮೇಲೆ ಬೇರೆಯವರಿಗೆ ಒಪ್ಪಿಸಿ ಆಯ್ತಲ್ರೀ” ಎಂದರು. ಅಂಗೈ ವಿಷಯ ನಾಲಿಗೆಯ ತುದಿವರೆಗೆ ಬಂದಿತ್ತು. ಅದನ್ನು ಹೇಳಿದರೆ ನಾಳೆಯಿಂದ ನನ್ನ ಪರೀಕ್ಷೆಯನ್ನು ಯಾರು ನಂಬುತ್ತಾರೆ ಎಂಬುದೂ ಜೊತೆಗೇ ಬಂತು. ನುಂಗಿಕೊಂಡು ಈಚೆ ಬಂದೆ.

ಹಾಸ್ಟೆಲ್ಲು ಕೈತಪ್ಪಿದ್ದರಿಂದಲೇ ಅವಳು ಸೋತಳು ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಅಡುಗೆಯವನ ಬಾಯಿಂದ ಮಾತು ಬೀದಿಗೆ ಬಿತ್ತು. ಒಂದು ಬೆಳಗ್ಗೆ ಲಕ್ಷ್ಮೀಪುರದಲ್ಲಿ, ರಂಗೋಲಿಯ ಆ ಹಿರಿಯ ಅಮ್ಮನವರೇ ಕೇಳಿದರು: “ಆ ಗಾಣದವಳು ಬೆರಕೆ ಮಾಡ್ತಿದ್ಳಂತಲ್ಲ, ನೀನೇ ಹಿಡಿದೆಯಂತೆ? ನಾನು ನಮ್ಮ ತಂಗಿ ಮನೆಗೂ ಹೇಳಿ ನಿಲ್ಲಿಸ್ದೆ.” ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ, ಸೇರಿನಲ್ಲಿ ಎಣ್ಣೆ ಅಳೆದುಕೊಟ್ಟೆ. ಅದು ಬೇರೊಂದು ಗಾಣದ ಎಣ್ಣೆ. ಅಮ್ಮನವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಯುಗಾದಿಗೆ ಮೊದಲೇ ಗಾಣದವ್ವ ಎತ್ತನ್ನು ಮಾರಿದಳು. ಗಾಣ ನಿಂತಿತು. ಮಗಳಿಗೆ ಗಂಡು ಗೊತ್ತಾಗಿದ್ದ ಮನೆಯವರು ಒಂದು ವರ್ಷ ಎಳೆದಾಡಿದರಂತೆ, “ಬೆರಕೆ ಮನೆ” ಎಂದು ಯಾರೋ ಹೇಳಿದ್ದರಂತೆ. ಕೊನೆಗೆ ಬೇರೊಂದು ಕಡೆ ಮದುವೆಯಾಯಿತು, ಅವಳು ಮಗಳ ಜೊತೆಯಲ್ಲೇ ಹೋದಳು ಎಂದು ಕೇಳಿದೆ. ಎಲ್ಲಿಗೆ ಎಂದು ವಿಚಾರಿಸಲಿಲ್ಲ.

ನಾನು ಮಾತ್ರ ಬೆಳೆದೆ. ಸೈಕಲ್ಲು ಬಿಟ್ಟೆ, ಮಳಿಗೆ ಹಿಡಿದೆ, ನಂತರ ತಲೆಗೆ ಹಚ್ಚುವ ಸುವಾಸನೆಯ ಎಣ್ಣೆಯನ್ನು ಬಾಟಲಿಗೆ ತುಂಬಿಸಿ ಮಾರತೊಡಗಿದೆ. ಮೊದಲ ಚಳಿಗಾಲವೇ ಕಾಟ ಕೊಟ್ಟಿತು. ಬಾಟಲಿಯ ಬಾಯಿ ಸಣ್ಣದು, ಎಣ್ಣೆ ಒಳಗೇ ಹೆಪ್ಪುಗಟ್ಟಿ ಈಚೆ ಬರದು. ಕೊಂಡವರು ಕಡ್ಡಿ ಹಾಕಿ ಕೆದಕುತ್ತಿದ್ದರು, ಅಂಗಡಿಯವರು ವಾಪಸು ಕಳಿಸುತ್ತಿದ್ದರು. ಆಗ ನಾನು ಸಣ್ಣ ಸೀಸೆಗಳಲ್ಲಿ ಬೇರೆಬೇರೆ ಹದದ ಬೆರಕೆ ಮಾಡಿ, ಹಿತ್ತಿಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಬೆಳಗ್ಗೆ ಎದ್ದು ಒಂದೊಂದನ್ನೇ ಬಗ್ಗಿಸಿ ನೋಡಿದೆ. ಕಾಲು ಪಾಲು ಕಡಲೆಕಾಯಿ ಎಣ್ಣೆ ಹಾಕಿದ್ದು ಮೊಸರಿನ ಹಾಗೆ ಕೂತಿತ್ತು. ಅರ್ಧಕ್ಕರ್ಧ ಹಾಕಿದ್ದರಲ್ಲಿ ಬಿಳಿಯ ಹರಳು ತೇಲುತ್ತಿತ್ತು. ಕೊಬ್ಬರಿಗಿಂತ ಕಡಲೆಕಾಯಿ ಹೆಚ್ಚಾದಾಗ ಸಲೀಸಾಗಿ ಓಡಿತು. ಬೆರಕೆಯ ವಿಷಯವನ್ನು ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಹಾಕಿಸಿದೆ, ಮೋಸವಲ್ಲ. ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದು, “ಚಳಿಗಾಲದಲ್ಲೂ ಗಟ್ಟಿಯಾಗದು.” ಬಾಟಲಿಗಳು ಚೆನ್ನಾಗಿ ಹೋದವು. ಲಕ್ಷ್ಮೀಪುರಕ್ಕೂ ಹೋದವು.

ಅರವತ್ತರ ದಶಕದಲ್ಲಿ ಮೇಟಗಳ್ಳಿಯ ಕಡೆ ಕಾರ್ಖಾನೆಗಳು ಎದ್ದು, ಸುತ್ತ ಚಿಲ್ಲರೆ ಅಂಗಡಿಗಳು ಬಂದವು. ಒಂದು ಚಳಿಯ ಬೆಳಗ್ಗೆ ಬಾಟಲಿ ತೋರಿಸುತ್ತಾ ಆ ಕಡೆ ಹೋಗಿದ್ದೆ. ಅಂಗಡಿಯ ಪಕ್ಕದ ಜಗುಲಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದ ಮುದುಕಿ, “ಎಣ್ಣೆಯಾ? ತಾ ಇಲ್ಲಿ” ಎಂದು ಕೈಚಾಚಿದಳು. ಧ್ವನಿಯಿಂದ ಗುರುತಾಯಿತು. ವಿಭೂತಿ ಹಾಗೇ ಇತ್ತು. ಮಗಳು ಒಳಗಿನಿಂದ ಬಂದು ನಿಂತಳು. ಅಳಿಯ ಕಾರ್ಖಾನೆಗೆ ಹೊರಟು ಬುತ್ತಿ ಹಿಡಿದಿದ್ದ.

ಗಾಣದವ್ವ ಬಾಟಲಿಯನ್ನು ಬಿಸಿಲಿಗೆ ಹಿಡಿದು ಅತ್ತ ಇತ್ತ ಬಗ್ಗಿಸಿದಳು.

“ಓಡ್ತದೆ.”

“ಹೂಂ ಕಣವ್ವ.”

“ನಿಂದು ಓಡಿದ್ರೆ ಜನ ತಕತಾರಾ?”

ನಾನು ಏನೋ ಹೇಳಿದೆ. ಬಾಟಲಿಯ ಬಾಯಿ ಸಣ್ಣದು, ಜನಕ್ಕೆ ಅನುಕೂಲ, ಅಂಥದ್ದೇನೋ. ಅವಳು ಕೇಳಿಸಿಕೊಂಡು ಬಾಟಲಿ ವಾಪಸು ಕೊಟ್ಟಳು. ಕೊಡುವಾಗ ನನ್ನ ಎಡಗೈಯನ್ನು ಹಿಡಿದು, ಅಂಗೈ ಮೇಲೆ ಮಾಡಿ ನೋಡಿದಳು.

“ಈಗಾದ್ರೂ ಹೇಳು. ಇವರಿಬ್ರೂ ಅವ್ರೆ. ಅವತ್ತು ತಳ ಬೆಚ್ಗಿತ್ತೋ, ಇರ್ನಿಲ್ವೋ?”

ಅಳಿಯ ನನ್ನನ್ನೇ ನೋಡುತ್ತಿದ್ದ. ಅಂಗಡಿಯವನೂ ತಕ್ಕಡಿ ಬಿಟ್ಟು ಈಚೆ ನೋಡುತ್ತಿದ್ದ. ಅವನಿಗೆ ಆಗಷ್ಟೇ ಎರಡು ಪೆಟ್ಟಿಗೆ ಬಾಟಲಿ ಒಪ್ಪಿಸಿದ್ದೆ.

“ಎಷ್ಟು ವರ್ಷ ಆಯ್ತವ್ವ” ಎಂದೆ. “ಅಷ್ಟು ಗ್ಯಾಪಕ ಇಲ್ಲ.”

ಅವಳು ಕೈ ಬಿಟ್ಟಳು. “ಹೋಗ್ಲಿ ಬುಡು. ಬಿಸ್ಲು ಬಂತು, ಹೋಗು” ಎಂದಳು.

ಆಮೇಲೆ ಎರಡು ಚಳಿಗಾಲ ನಾನು ಆ ಕಡೆಯ ಅಂಗಡಿಗಳಿಗೆ ಬೇರೆಯವರನ್ನು ಕಳಿಸಿದೆ. ಮೂರನೆಯದರಲ್ಲಿ, ಸರಕಿಗೆಂದು ನನ್ನ ಮಳಿಗೆಗೆ ಬಂದ ಅಂಗಡಿಯವನೇ ಮಾತಿನ ನಡುವೆ ಹೇಳಿದ, ಪಕ್ಕದ ಮನೆಯ ಅಜ್ಜಿ ಹೋದರು ಎಂದು.

ಆಗ ಇದನ್ನು ಒಂದು ಕಾಗದದಲ್ಲಿ ಬರೆದೆ. ಡಬ್ಬದ ತಳ ಬೆಚ್ಚಗಿತ್ತು. ಸುಮ್ಮನೆ ಅನುಮಾನದ ಬೆಚ್ಚಗಲ್ಲ, ಆ ಚಳಿಯಲ್ಲಿ ಅಂಗೈಗೆ ಹಿತವೆನಿಸುವಷ್ಟು ಬೆಚ್ಚಗಿತ್ತು; ಎಣ್ಣೆಯಲ್ಲಿ ಯಾವ ಬೆರಕೆಯೂ ಇರಲಿಲ್ಲ; ಗೊತ್ತಿದ್ದೂ ನಾನು ಇಲ್ಲ ಎಂದೆ. ಕೆಳಗೆ ರುಜು ಹಾಕಿದೆ. ಅದನ್ನು ತೆಗೆದುಕೊಂಡು ಮೇಟಗಳ್ಳಿಗೆ ಹೋದೆ. ಮಗಳು ಬಾಗಿಲಲ್ಲೇ ನಿಂತು, ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದಳು. ನಾನು ಜಗುಲಿಯ ಕೆಳಗೆ ನಿಂತಿದ್ದೆ. ಓದಿ ಮುಗಿದ ಮೇಲೆ ಅತ್ತಾಳು, ಇಲ್ಲ ಬೈದಾಳು ಎಂದು ಕಾದೆ.

ಅವಳು ಕಾಗದವನ್ನು ಮಡಿಸಿದಳು.

“ಅವ್ವಂಗೆ ಗೊತ್ತಿತ್ತು ಬುಡಿ. ಗೊತ್ತಿಲ್ದೆ ಇದ್ದಿದ್ದು ನಮ್ಗೆ. ನಾನೂ ಅಷ್ಟು ದಿನ, ಬೆರಕೆ ಇದ್ರೂ ಇರ್ಬೋದೇನೋ ಅಂದ್ಕಂಡಿದ್ದೆ.” ಕಾಗದದ ಮಡಿಕೆಯನ್ನು ಇನ್ನೊಮ್ಮೆ ಒತ್ತಿ, “ಒಂದು ಸಲ ಅವ್ವನ್ ಮುಂದೇನೇ ಅಂದ್ಬುಟ್ಟಿದ್ದೆ” ಎಂದಳು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೆತ್ತಗೇ ಹಾಕಿಕೊಂಡಳು. ಇನ್ನೂ ಬಿಸಿಲು ಬಂದಿರದ ಆ ಜಗುಲಿಯ ಮೇಲೆ, ಗೋಡೆಯ ಮೂಲೆಯಲ್ಲಿ ಕೊಬ್ಬರಿ ಎಣ್ಣೆಯ ಒಂದು ಬಟ್ಟಲಿತ್ತು. ಅಂಗಡಿಯದಲ್ಲ. ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು. ಮೇಲೆ ಯಾರೋ ಬೆರಳಿನಿಂದ ತೆಗೆದ ಗುರುತು.